ಎಸ್‌ಎಸ್‌ಎಚ್ ಲಾಗಿನ್ ನಿರಾಕರಣೆ: ಕಾರಣ ಹುಡುಕುವ ನಾಲ್ಕು ದಾರಿಗಳಲ್ಲಿ ಯಾವುದನ್ನು ಯಾವಾಗ ಹಿಡಿಯಬೇಕು

ದೂರದ ಲಿನಕ್ಸ್ ಯಂತ್ರಕ್ಕೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗಲು ಹೋದಾಗ ‘ಪರ್ಮಿಷನ್ ಡಿನೈಡ್’ ಎಂಬ ಒಂದೇ ಸಾಲು ಬಂದು ಸಂಪರ್ಕ ಕಡಿದುಹೋದರೆ, ಆ ಸಾಲಿನಲ್ಲಿ ಕಾರಣ ಇರುವುದಿಲ್ಲ. ಇರಬಾರದೆಂದೇ ಅದನ್ನು ಹಾಗೆ ಮಾಡಲಾಗಿದೆ. ಬಳಕೆದಾರರ ಹೆಸರು ತಪ್ಪೇ, ಪಾಸ್‌ವರ್ಡ್ ತಪ್ಪೇ, ಅಥವಾ ಖಾತೆಗೇ ಪ್ರವೇಶವಿಲ್ಲವೇ ಎಂಬುದನ್ನು ಸರ್ವರ್ ಹೊರಗಿನವರಿಗೆ ಬಿಟ್ಟುಕೊಟ್ಟರೆ ಕದ ಮುರಿಯಲು ಬಂದವರ ಕೆಲಸ ಅರ್ಧ ಹಗುರವಾಗುತ್ತದೆ. ಆದ್ದರಿಂದ ನ್ಯಾಯವಾಗಿ ಒಳಬರಬೇಕಾದ ನಮಗೂ ಅದೇ ಮೌನವೇ ಎದುರಾಗುತ್ತದೆ, ಕಾರಣ ಮಾತ್ರ ಸರ್ವರಿನ ಲಾಗ್‌ನಲ್ಲಿ ದಾಖಲಾಗಿ ಕುಳಿತಿರುತ್ತದೆ.

ಆ ಕಾರಣವನ್ನು ಹುಡುಕಲು ಮುಖ್ಯವಾಗಿ ನಾಲ್ಕು ದಾರಿಗಳಿವೆ. ಕ್ಲೈಂಟ್ ಕಡೆಯ, ಅಂದರೆ ನೀವು ಲಾಗಿನ್ ಆಗಲು ಬಳಸುವ ಯಂತ್ರದ ಕಡೆಯ, ವಿವರವಾದ ಸಂದೇಶಗಳನ್ನು ಓದಬಹುದು. ಸರ್ವರಿನ ಲಾಗ್ ತೆರೆಯಬಹುದು. ಸರ್ವರ್ ನಿಜಕ್ಕೂ ಯಾವ ಸೆಟ್ಟಿಂಗ್‌ಗಳ ಮೇಲೆ ನಡೆಯುತ್ತಿದೆ ಎಂಬುದನ್ನು ಅದರ ಬಾಯಿಂದಲೇ ಹೇಳಿಸಬಹುದು. ಇಲ್ಲವೇ ಬೇರೊಂದು ಪೋರ್ಟಿನಲ್ಲಿ ಡೀಬಗ್ ಸ್ಥಿತಿಯಲ್ಲಿ ಇನ್ನೊಂದು ಸರ್ವರನ್ನು ಓಡಿಸಿ ಅದಕ್ಕೆ ಲಾಗಿನ್ ಆಗಲು ಪ್ರಯತ್ನಿಸಬಹುದು. ಬಹಳಷ್ಟು ಜನ ಮೊದಲನೆಯ ದಾರಿಯಲ್ಲೇ ಗಂಟೆಗಟ್ಟಲೆ ಕಳೆಯುತ್ತಾರೆ, ಏಕೆಂದರೆ ಅವರು ಕುಳಿತಿರುವುದು ಆ ಬದಿಯಲ್ಲಿ. ಸರ್ವರಿನೊಳಕ್ಕೆ ಹೋಗಲು ಬೇರೆ ಯಾವುದಾದರೂ ದಾರಿ ತೆರೆದಿದ್ದರೆ, ಅದು ಹಳೆಯ ಸೆಷನ್ ಆಗಿರಲಿ, ಕನ್ಸೋಲ್ (ಯಂತ್ರದ ನೇರ ಪರದೆ) ಆಗಿರಲಿ, ಇನ್ನೊಬ್ಬ ನಿರ್ವಾಹಕರ ಖಾತೆಯಾಗಿರಲಿ, ಮೊದಲು ಲಾಗ್ ನೋಡಬೇಕು, ಉಳಿದದ್ದು ಆಮೇಲೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದು ದೃಢೀಕರಣದ ತೊಂದರೆಯೇ ಹೌದೇ?

ದಾರಿ ಆರಿಸುವ ಮುನ್ನ ಇದನ್ನು ಖಚಿತಪಡಿಸಿಕೊಳ್ಳಬೇಕು. ‘ಕನೆಕ್ಷನ್ ರೆಫ್ಯೂಸ್ಡ್’ ಅಥವಾ ‘ಟೈಮ್ಡ್ ಔಟ್’ ಎಂದು ಬಂದರೆ ನಿಮ್ಮ ಹೆಸರನ್ನೂ ಕೀಲಿಯನ್ನೂ (ಪಾಸ್‌ವರ್ಡ್ ಬದಲು ಗುರುತು ಸಾಬೀತುಪಡಿಸುವ ಖಾಸಗಿ ಮತ್ತು ಸಾರ್ವಜನಿಕ ಕಡತಗಳ ಜೋಡಿ) ಸರ್ವರ್ ಇನ್ನೂ ಕೇಳಿಯೇ ಇಲ್ಲ; ಸೇವೆ ನಿಂತಿರಬಹುದು, ಫೈರ್‌ವಾಲ್ ತಡೆದಿರಬಹುದು, ಪೋರ್ಟ್ 22ರ ಬದಲು ಬೇರೆಯದಕ್ಕೆ ಹೋಗಬೇಕಿರಬಹುದು. ಹೋಸ್ಟ್ ಕೀಲಿ, ಅಂದರೆ ಸರ್ವರ್ ತನ್ನ ಗುರುತು ತೋರಿಸುವ ಕೀಲಿ, ಬದಲಾಗಿದೆ ಎಂಬ ದೊಡ್ಡಕ್ಷರದ ಎಚ್ಚರಿಕೆ ಬಂದರೆ ಸಂದೇಹ ಇರುವುದು ನಿಮ್ಮ ಮೇಲಲ್ಲ, ಸರ್ವರಿನ ಮೇಲೆ. ಯಂತ್ರವನ್ನು ಹೊಸದಾಗಿ ಸ್ಥಾಪಿಸಿದ್ದು ನಿಮಗೆ ಗೊತ್ತಿದ್ದರೆ ಮಾತ್ರ ‘ನೋನ್ ಹೋಸ್ಟ್ಸ್’ ಕಡತದಿಂದ ಹಳೆಯ ನಮೂದನ್ನು ತೆಗೆಯಿರಿ. ಗೊತ್ತಿಲ್ಲದಿದ್ದರೆ ಮೊದಲು ಆ ಯಂತ್ರವನ್ನು ನೋಡಿಕೊಳ್ಳುವವರನ್ನು ಕೇಳಿ.

ಸಂಪರ್ಕದ ತೊಂದರೆ, ದೃಢೀಕರಣದ ತೊಂದರೆ ಇವೆರಡರ ನಡುವೆ ಬರುವ ಒಂದು ಸ್ಥಿತಿ ಹಲವರ ದಾರಿ ತಪ್ಪಿಸುತ್ತದೆ. ನಾಲ್ಕೈದು ಸಲ ತಪ್ಪಾಗಿ ಪ್ರಯತ್ನಿಸಿದ ಮೇಲೆ ಫೇಲ್‌ಟುಬ್ಯಾನ್‌ನಂತಹ ತಂತ್ರಾಂಶ ನಿಮ್ಮ ಐಪಿ ವಿಳಾಸವನ್ನೇ ತಡೆಹಿಡಿಯಬಹುದು. ಬಹುತೇಕ ಲಿನಕ್ಸ್ ಯಂತ್ರಗಳಲ್ಲಿರುವ ಎಸ್‌ಎಸ್‌ಎಚ್ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಚ್‌ನ, 2024ರಲ್ಲಿ ಬಂದ 9.8 ಆವೃತ್ತಿಯಿಂದ ಸರ್ವರೇ ಪದೇಪದೇ ವಿಫಲವಾಗುವ ವಿಳಾಸಗಳಿಗೆ ಸ್ವಲ್ಪ ಕಾಲ ಪ್ರವೇಶ ನಿರಾಕರಿಸುವ ‘ಪರ್ ಸೋರ್ಸ್ ಪೆನಾಲ್ಟೀಸ್’ ವ್ಯವಸ್ಥೆ ಮೊದಲಿನಿಂದಲೇ ಚಾಲೂ ಇರುತ್ತದೆ. ಬೆಳಿಗ್ಗೆ ‘ಪರ್ಮಿಷನ್ ಡಿನೈಡ್’ ಇದ್ದದ್ದು ಮಧ್ಯಾಹ್ನದ ಹೊತ್ತಿಗೆ ಆರಂಭದಲ್ಲೇ ಕಡಿದುಹೋಗುವ ಸಂಪರ್ಕವಾಗಿದ್ದರೆ, ಹೊಸ ತೊಂದರೆಯೊಂದು ಬಂದಿದೆ ಎಂದುಕೊಳ್ಳಬೇಡಿ. ಹಳೆಯ ತೊಂದರೆಗೆ ನಿಮ್ಮ ಪ್ರಯತ್ನಗಳೇ ಇನ್ನೊಂದು ಪದರ ಸೇರಿಸಿವೆ. ಗುರಿಯಿಲ್ಲದೆ ಮತ್ತೆ ಮತ್ತೆ ಪ್ರಯತ್ನಿಸುವುದು ಈ ಕೆಲಸದಲ್ಲಿ ನಿರುಪದ್ರವಿ ಅಲ್ಲ.

ಕ್ಲೈಂಟ್ ಕಡೆಯಿಂದ: ಸುಲಭ, ಆದರೆ ಅರ್ಧ ಕಥೆ

ಎಸ್‌ಎಸ್‌ಎಚ್ ಕಮಾಂಡಿಗೆ ‘ಮೈನಸ್ ವಿ’ ಸೇರಿಸಿದರೆ ಕ್ಲೈಂಟ್ ಏನೇನು ಮಾಡುತ್ತಿದೆ ಎಂಬುದನ್ನು ಸಾಲುಸಾಲಾಗಿ ಹೇಳುತ್ತದೆ. ಮೂರು ವಿ ಸೇರಿಸಿದರೆ ಇನ್ನೂ ಹೆಚ್ಚು ಹೇಳುತ್ತದೆ, ಆದರೆ ದೃಢೀಕರಣದ ವಿಷಯಕ್ಕೆ ಸಾಮಾನ್ಯವಾಗಿ ಒಂದೇ ಸಾಕು. ಸರ್ವರಿನೊಳಕ್ಕೆ ಬೇರೆ ಯಾವ ದಾರಿಯೂ ಇಲ್ಲದಿದ್ದಾಗ ಆರಿಸಬೇಕಾದದ್ದು ಇದನ್ನೇ. ಜತೆಗೆ, ಕ್ಲೈಂಟ್ ಏನನ್ನು ಕೊಡುತ್ತಿದೆ ಎಂಬ ಪ್ರಶ್ನೆಗೆ ಇದರಷ್ಟು ಸ್ಪಷ್ಟವಾಗಿ ಬೇರಾವುದೂ ಉತ್ತರಿಸುವುದಿಲ್ಲ.

ಮೊದಲು ನೋಡಬೇಕಾದದ್ದು ನಿರಾಕರಣೆಯ ಸಾಲಿನ ಕೊನೆಯನ್ನು. ಅಲ್ಲಿ ಆವರಣ ಚಿಹ್ನೆಯೊಳಗೆ ‘ಪಬ್ಲಿಕ್‌ಕೀ’ ಎಂದು ಮಾತ್ರ ಇದ್ದರೆ ಈ ಸರ್ವರ್ ಕೀಲಿಯನ್ನಲ್ಲದೆ ಬೇರೇನನ್ನೂ ಸ್ವೀಕರಿಸುವುದಿಲ್ಲ ಎಂದರ್ಥ. ಪಾಸ್‌ವರ್ಡ್ ಸರಿಯಿದೆಯೇ ಎಂದು ತಲೆಕೆಡಿಸಿಕೊಳ್ಳುವುದು ಅಲ್ಲಿಗೇ ನಿಲ್ಲಬೇಕು. ‘ಪಾಸ್‌ವರ್ಡ್’ ಅಥವಾ ‘ಕೀಬೋರ್ಡ್ ಇಂಟರ್ಯಾಕ್ಟಿವ್’ ಕೂಡ ಇದ್ದರೆ ಆ ದಾರಿಗಳು ತೆರೆದಿವೆ. ಪಾಸ್‌ವರ್ಡ್ ಕೇಳುವ ಸಾಲಿನಲ್ಲೂ ಒಂದು ಸುಳಿವಿದೆ: ಹೆಸರು ಮತ್ತು ಹೋಸ್ಟ್ ಸೇರಿಸಿ ‘ಇಂಥವರ ಪಾಸ್‌ವರ್ಡ್’ ಎಂಬ ಧಾಟಿಯಲ್ಲಿ ಕೇಳಿದರೆ ಅದು ಪಾಸ್‌ವರ್ಡ್ ವಿಧಾನ, ಬರಿದೇ ‘ಪಾಸ್‌ವರ್ಡ್’ ಎಂದೋ (ಹೊಸ ಆವೃತ್ತಿಗಳಲ್ಲಿ ಅದರ ಹಿಂದೆ ಹೆಸರು ಮತ್ತು ಹೋಸ್ಟ್ ಆವರಣ ಚಿಹ್ನೆಯೊಳಗೆ ಇರುತ್ತವೆ) ಪರಿಶೀಲನಾ ಸಂಕೇತವೆಂದೋ ಕೇಳಿದರೆ ಅದು ಹೆಚ್ಚಾಗಿ ಕೀಬೋರ್ಡ್ ಇಂಟರ್ಯಾಕ್ಟಿವ್, ಅಂದರೆ ಪ್ರಶ್ನೆ ಕೇಳುತ್ತಿರುವುದು ಸರ್ವರಿನ ಪ್ಯಾಮ್ ವ್ಯವಸ್ಥೆ (ಲಿನಕ್ಸ್‌ನಲ್ಲಿ ಬಳಕೆದಾರರನ್ನು ದೃಢೀಕರಿಸುವ ಭಾಗ).

ಕೀಲಿಯ ವಿಷಯದಲ್ಲಿ ಎರಡು ಸಾಲುಗಳನ್ನು ಹುಡುಕಿ. ‘ಆಫರಿಂಗ್ ಪಬ್ಲಿಕ್ ಕೀ’ ಎಂಬ ಸಾಲು ಯಾವ ಕಡತದ ಯಾವ ಬಗೆಯ ಕೀಲಿಯನ್ನು ಕ್ಲೈಂಟ್ ಮುಂದಿಟ್ಟಿತು ಎಂಬುದನ್ನು ತೋರಿಸುತ್ತದೆ. ಆಮೇಲೆ ‘ಸರ್ವರ್ ಆಕ್ಸೆಪ್ಟ್ಸ್ ಕೀ’ ಬಂದರೆ ಸರ್ವರಿನಲ್ಲಿ ಆ ಸಾರ್ವಜನಿಕ ಕೀಲಿ ಸರಿಯಾದ ಜಾಗದಲ್ಲೇ ಇದೆ ಎಂದು ತಿಳಿಯಬೇಕು. ಅದಾದ ಮೇಲೂ ವಿಫಲವಾದರೆ ತಪ್ಪು ಬಹುಪಾಲು ನಿಮ್ಮ ಬದಿಯದೇ: ಏಜೆಂಟ್ (ಖಾಸಗಿ ಕೀಲಿಗಳನ್ನು ಇಟ್ಟುಕೊಂಡು ನಿಮ್ಮ ಪರವಾಗಿ ಸಹಿ ಮಾಡುವ ತಂತ್ರಾಂಶ) ಸಹಿ ಮಾಡಲು ನಿರಾಕರಿಸಿರಬಹುದು, ಕೀಲಿಯನ್ನು ಕಾಯುವ ಪಾಸ್‌ಫ್ರೇಸ್ ತಪ್ಪಿರಬಹುದು, ಖಾಸಗಿ ಕೀಲಿಯ ಪಕ್ಕದಲ್ಲಿ ಬೇರೆ ಜೋಡಿಯ ‘ಪಬ್’ ಕಡತ ಕುಳಿತಿರಬಹುದು. ‘ಆಫರಿಂಗ್’ ಬಂದು ‘ಆಕ್ಸೆಪ್ಟ್ಸ್’ ಬಾರದಿದ್ದರೆ ಸರ್ವರ್ ಬೇಡವೆಂದಿದೆ, ಏಕೆ ಬೇಡವೆಂದಿತು ಎಂಬುದು ಇಲ್ಲಿ ಕಾಣುವುದಿಲ್ಲ. ಈ ದಾರಿಯ ಮಿತಿ ಇಷ್ಟೇ, ಮತ್ತು ಜನ ದಾಟಲು ಹೆಣಗುವುದೂ ಇದನ್ನೇ.

ಕ್ಲೈಂಟ್ ಬದಿಯಲ್ಲೇ ಪೂರ್ತಿ ಬಗೆಹರಿಯುವ ಒಂದು ತೊಂದರೆ ‘ಟೂ ಮೆನಿ ಅಥೆಂಟಿಕೇಶನ್ ಫೇಲ್ಯೂರ್ಸ್’. ಏಜೆಂಟಿನಲ್ಲಿ ಎಂಟು ಹತ್ತು ಕೀಲಿಗಳಿದ್ದರೆ ಕ್ಲೈಂಟ್ ಅವನ್ನೆಲ್ಲ ಒಂದಾದ ಮೇಲೊಂದು ಕೊಡುತ್ತ ಹೋಗುತ್ತದೆ. ಸರ್ವರಿನ ‘ಮ್ಯಾಕ್ಸ್ ಆಥ್ ಟ್ರೈಸ್’ ಮಿತಿ ಬದಲಾಯಿಸದ ಹೊರತು 6 ಇರುತ್ತದೆ. ಸರಿಯಾದ ಕೀಲಿಯ ಸರದಿ ಬರುವ ಮೊದಲೇ ಸಂಪರ್ಕ ಮುಗಿದಿರುತ್ತದೆ. ಇಲ್ಲಿ ಸರ್ವರಿನ ಮಿತಿ ಏರಿಸುವುದು ತಪ್ಪು ಆಯ್ಕೆ. ಕ್ಲೈಂಟಿನ ಕಾನ್ಫಿಗ್ ಕಡತದಲ್ಲಿ ಆ ಹೋಸ್ಟಿಗೆ ಯಾವ ಕೀಲಿ ಎಂದು ಬರೆದು ‘ಐಡೆಂಟಿಟೀಸ್ ಓನ್ಲಿ’ಗೆ ‘ಯೆಸ್’ ಕೊಡಿ.

ಇನ್ನೊಂದು, ಹಳೆಯ ಮತ್ತು ಹೊಸ ಯಂತ್ರಗಳ ನಡುವೆ ಬರುವ ತೊಂದರೆ. 2021ರ ಓಪನ್‌ಎಸ್‌ಎಸ್‌ಎಚ್ 8.8 ಆವೃತ್ತಿಯಿಂದ ಎಸ್‌ಎಚ್‌ಎ-1 ಎಂಬ ಹಳೆಯ ಹ್ಯಾಶ್ ವಿಧಾನ ಬಳಸುವ, ಆರ್‌ಎಸ್‌ಎ ಬಗೆಯ ಕೀಲಿಗಳ ಸಹಿಗಳನ್ನು ಮೊದಲೇ ಮುಚ್ಚಿಟ್ಟಿದ್ದಾರೆ. ಆರ್‌ಎಸ್‌ಎ ಕೀಲಿ ಕೆಟ್ಟಿಲ್ಲ, ಅದನ್ನೇ ಎಸ್‌ಎಚ್‌ಎ-2 ಸಹಿಯೊಂದಿಗೆ ಈಗಲೂ ಬಳಸಬಹುದು; ಆದರೆ ಎದುರಿನ ಯಂತ್ರ ತೀರ ಹಳೆಯದಾಗಿದ್ದು ಹೊಸ ಸಹಿ ಅದಕ್ಕೆ ಗೊತ್ತಿಲ್ಲದಿದ್ದರೆ ‘ನೋ ಮ್ಯೂಚುವಲ್ ಸಿಗ್ನೇಚರ್ ಆಲ್ಗರಿದಮ್’ ಎಂಬ ಸಾಲು ಬರುತ್ತದೆ. ಆ ಒಂದು ಹೋಸ್ಟಿಗೆ ಮಾತ್ರ ಹಳೆಯ ಸಹಿಯನ್ನು ಅನುಮತಿಸುವುದು ತಾತ್ಕಾಲಿಕ ಪರಿಹಾರ. 2014ರಿಂದ ಲಭ್ಯವಿರುವ ಇಡಿ25519 ಕೀಲಿಯನ್ನು ಎದುರಿನ ಯಂತ್ರ ಬಲ್ಲದಾದರೆ ಅದಕ್ಕೆ ಬದಲಾಯಿಸುವುದು ಶಾಶ್ವತ ಪರಿಹಾರ.

ಸರ್ವರಿನ ಲಾಗ್: ನಾನು ಮೊದಲು ಹಿಡಿಯುವ ದಾರಿ

ಡೆಬಿಯನ್ ಮತ್ತು ಉಬುಂಟು ಬಳಗದಲ್ಲಿ ವಾರ್ ಲಾಗ್ ಕೋಶದ (ಫೋಲ್ಡರಿನ) ‘ಆಥ್ ಡಾಟ್ ಲಾಗ್’, ರೆಡ್‌ಹ್ಯಾಟ್ ಬಳಗದಲ್ಲಿ ಅದೇ ಕೋಶದ ‘ಸೆಕ್ಯೂರ್’ ಎಂಬ ಕಡತಗಳಲ್ಲಿ ಈ ದಾಖಲೆ ಇರುತ್ತದೆ. ಸಿಸ್ಟಮ್‌ಡಿ ಇರುವ ಯಂತ್ರಗಳಲ್ಲಿ ‘ಜರ್ನಲ್‌ಸಿಟಿಎಲ್’ ಮೂಲಕವೂ ನೋಡಬಹುದು; ಸೇವೆಯ ಹೆಸರು ಡೆಬಿಯನ್ ಬಳಗದಲ್ಲಿ ‘ಎಸ್‌ಎಸ್‌ಎಚ್’ ಎಂದೂ ರೆಡ್‌ಹ್ಯಾಟ್ ಬಳಗದಲ್ಲಿ ‘ಎಸ್‌ಎಸ್‌ಎಚ್‌ಡಿ’ ಎಂದೂ ಇರುತ್ತದೆ. 9.8 ಆವೃತ್ತಿಯ ನಂತರ ಪ್ರತಿ ಸೆಷನ್ನಿನ ಸಂದೇಶಗಳು ‘ಎಸ್‌ಎಸ್‌ಎಚ್‌ಡಿ ಸೆಷನ್’ ಎಂಬ ಹೆಸರಿನಲ್ಲಿ ದಾಖಲಾಗುವುದರಿಂದ, ಹಳೆಯ ಹೆಸರನ್ನೇ ಕರಾರುವಾಕ್ಕಾಗಿ ಹುಡುಕುವವರಿಗೆ ಲಾಗ್ ಖಾಲಿಯಂತೆ ಕಾಣಬಹುದು.

ಲಾಗ್ ಎಷ್ಟು ನೇರವಾಗಿ ಮಾತಾಡುತ್ತದೆ ಎಂಬುದನ್ನು ಒಂದು ಅನುಭವದಿಂದ ಹೇಳುತ್ತೇನೆ. ತಿಂಗಳುಗಟ್ಟಲೆ ಕೆಲಸ ಮಾಡಿದ್ದ ನನ್ನ ಕೀಲಿ ಒಂದು ಸಂಜೆ ಇದ್ದಕ್ಕಿದ್ದಂತೆ ನಿರಾಕೃತವಾಯಿತು. ಹೊಸ ಕೀಲಿ ಮಾಡಿದೆ, ಸರ್ವರ್ ಒಪ್ಪುವ ಸಾರ್ವಜನಿಕ ಕೀಲಿಗಳ ‘ಆಥರೈಸ್ಡ್ ಕೀಸ್’ ಕಡತಕ್ಕೆ ಕನ್ಸೋಲಿನಿಂದ ಮತ್ತೆ ಸೇರಿಸಿದೆ, ಕ್ಲೈಂಟಿನ ಸಂದೇಶಗಳನ್ನು ಹತ್ತು ಸಲ ಓದಿದೆ. ಎಲ್ಲದರಲ್ಲೂ ‘ಆಫರಿಂಗ್’ ಇತ್ತು, ‘ಆಕ್ಸೆಪ್ಟ್ಸ್’ ಇರಲಿಲ್ಲ. ಕೊನೆಗೆ ಲಾಗ್ ತೆರೆದಾಗ ಒಂದೇ ಸಾಲಿನಲ್ಲಿ ಉತ್ತರವಿತ್ತು: ‘ಅಥೆಂಟಿಕೇಶನ್ ರೆಫ್ಯೂಸ್ಡ್, ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್’, ಅದರ ಮುಂದೆ ನನ್ನ ಹೋಮ್ ಕೋಶದ ಹೆಸರು. ಕಡತಗಳನ್ನು ಹಂಚಿಕೊಳ್ಳಲು ಅನುಕೂಲವಾಗಲೆಂದು ಯಾರೋ ಆ ಕೋಶಕ್ಕೆ ಇಡೀ ತಂಡದ ಗುಂಪಿನ ಬರೆಯುವ ಅನುಮತಿ ಕೊಟ್ಟಿದ್ದರು. ಕೀಲಿಯ ಕಡತ ಮಾತ್ರ ಭದ್ರವಾಗಿದ್ದರೆ ಸಾಲದು, ಅದನ್ನು ಹೊತ್ತ ಕೋಶವೂ ಹೋಮ್ ಕೋಶವೂ ಬೇರೆಯವರು ಬರೆಯುವಂತೆ ಇರಬಾರದು, ಏಕೆಂದರೆ ಕೋಶಕ್ಕೆ ಬರೆಯಬಲ್ಲವರು ಕೀಲಿಯ ಕಡತವನ್ನೇ ಬದಲಾಯಿಸಿಬಿಡಬಹುದು. ‘ಸ್ಟ್ರಿಕ್ಟ್ ಮೋಡ್ಸ್’ ಎಂಬ ಸೆಟ್ಟಿಂಗ್ ಇದನ್ನು ಕಾಯುತ್ತದೆ. ‘ಡಾಟ್ ಎಸ್‌ಎಸ್‌ಎಚ್’ ಕೋಶಕ್ಕೆ 700, ಕೀಲಿಗಳ ಕಡತಕ್ಕೆ 600, ಹೋಮ್ ಕೋಶಕ್ಕೆ 755 ಅಥವಾ ಅದಕ್ಕಿಂತ ಬಿಗಿ ಅನುಮತಿ ಕೊಟ್ಟರೆ ಸಾಕು. ಆ ಸೆಟ್ಟಿಂಗನ್ನೇ ನಿಷ್ಕ್ರಿಯಗೊಳಿಸಿ ಪಾರಾಗುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ದಯವಿಟ್ಟು ಅದನ್ನು ಪಾಲಿಸಬೇಡಿ.

ಲಾಗ್‌ನ ಬೇರೆ ಸಾಲುಗಳೂ ಇಷ್ಟೇ ಸ್ಪಷ್ಟ. ‘ಇನ್‌ವ್ಯಾಲಿಡ್ ಯೂಸರ್’ ಎಂದಿದ್ದರೆ ಆ ಹೆಸರಿನ ಖಾತೆಯೇ ಅಲ್ಲಿಲ್ಲ. ಕ್ಲೌಡ್ ಸೇವೆಗಳ ಸಿದ್ಧ ಇಮೇಜುಗಳಲ್ಲಿ ಪೂರ್ವನಿಯೋಜಿತ ಬಳಕೆದಾರರ ಹೆಸರು ಒಂದೊಂದರಲ್ಲಿ ಒಂದೊಂದು ಇರುವುದರಿಂದ ಇದು ಬಹಳ ಸಾಮಾನ್ಯ. ‘ನಾಟ್ ಲಿಸ್ಟೆಡ್ ಇನ್ ಅಲೌ ಯೂಸರ್ಸ್’ ಎಂದಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಪ್ರಯೋಜನವಿಲ್ಲ. ಕೀಲಿ ಬಳಸುವವರ ಲಾಗ್‌ನಲ್ಲಿ ಮಾತ್ರ ಒಂದು ಕೊರತೆ ಇದೆ: ಸಾಮಾನ್ಯ ಮಟ್ಟದಲ್ಲಿ ವಿಫಲವಾದ ಕೀಲಿಯ ವಿವರ ಹಲವು ಸಲ ಬರೆಯಲ್ಪಡುವುದೇ ಇಲ್ಲ, ಸಂಪರ್ಕ ಮುಗಿಯಿತು ಎಂಬ ಒಂದು ಸಾಲು ಮಾತ್ರ ಉಳಿಯುತ್ತದೆ. ‘ಲಾಗ್ ಲೆವೆಲ್’ ಅನ್ನು ‘ವರ್ಬೋಸ್’ಗೆ ಏರಿಸಿದರೆ ಬಂದ ಕೀಲಿಯ ಎಸ್‌ಎಚ್‌ಎ-256 ಬೆರಳಚ್ಚು (ಫಿಂಗರ್‌ಪ್ರಿಂಟ್, ಕೀಲಿಯನ್ನು ಗುರುತಿಸುವ ಚಿಕ್ಕ ಸಂಕೇತ) ಕಾಣುತ್ತದೆ, ‘ಎಸ್‌ಎಸ್‌ಎಚ್ ಕೀಜೆನ್’ಗೆ ‘ಮೈನಸ್ ಎಲ್’ ಮತ್ತು ‘ಮೈನಸ್ ಎಫ್’ ಕೊಟ್ಟು ಆಥರೈಸ್ಡ್ ಕೀಸ್ ಕಡತದ ಬೆರಳಚ್ಚುಗಳನ್ನು ತೆಗೆದು ಎರಡನ್ನೂ ಹೋಲಿಸಿ. ಅಂಟಿಸುವಾಗ ಒಂದು ಕೀಲಿ ಎರಡು ಸಾಲಾಗಿ ಮುರಿದಿದ್ದರೂ ಈ ಹಂತದಲ್ಲೇ ಸಿಕ್ಕಿಬೀಳುತ್ತದೆ.

ಪಾಸ್‌ವರ್ಡ್ ಲಾಗಿನ್‌ಗಳಲ್ಲಿ ಎಸ್‌ಎಸ್‌ಎಚ್‌ನ ಸಾಲಿಗಿಂತ ಅದರ ಮೇಲಿನ ಪ್ಯಾಮ್ ಸಾಲು ಹೆಚ್ಚು ಹೇಳುತ್ತದೆ. ಹಲವು ತಪ್ಪು ಪ್ರಯತ್ನಗಳ ನಂತರ ‘ಪ್ಯಾಮ್ ಫೇಲ್‌ಲಾಕ್’ ಖಾತೆಯನ್ನು ಮುಚ್ಚಿದ್ದರೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತಪ್ಪೆಂದೇ ಉತ್ತರ ಬರುತ್ತದೆ. ‘ಫೇಲ್‌ಲಾಕ್’ ಕಮಾಂಡಿಗೆ ಬಳಕೆದಾರರ ಹೆಸರು ಕೊಟ್ಟು ನೋಡಬಹುದು, ಅದರಿಂದಲೇ ತೆರವೂ ಮಾಡಬಹುದು. ಖಾತೆಯ ಅವಧಿ ಮುಗಿದಿದೆಯೇ ಎಂದು ‘ಚೇಜ್ ಮೈನಸ್ ಎಲ್’ ತಿಳಿಸುತ್ತದೆ. ಇಲ್ಲೊಂದು ವ್ಯತ್ಯಾಸವನ್ನು ನೆನಪಿಡಬೇಕು: ಪ್ಯಾಮ್ ಬಳಸುವ ಯಂತ್ರಗಳಲ್ಲಿ ‘ಪಾಸ್‌ಡಬ್ಲ್ಯುಡಿ ಮೈನಸ್ ಎಲ್’ನಿಂದ ಪಾಸ್‌ವರ್ಡಿಗೆ ಬೀಗ ಹಾಕಿದರೂ ಕೀಲಿಯಿಂದ ಒಳಬರುವುದು ಸಾಮಾನ್ಯವಾಗಿ ನಿಲ್ಲುವುದಿಲ್ಲ, ಆದರೆ ಖಾತೆಯ ಅವಧಿ ಮುಗಿದರೆ ಎರಡೂ ನಿಲ್ಲುತ್ತವೆ.

ನಡೆಯುತ್ತಿರುವ ಸೆಟ್ಟಿಂಗ್‌ಗಳನ್ನು ಕೇಳುವುದು

ಲಾಗ್ ‘ಈ ವಿಧಾನವೇ ಇಲ್ಲ’ ಎಂಬ ಅರ್ಥ ಕೊಡುತ್ತಿದ್ದು, ಕಾನ್ಫಿಗ್ ಕಡತದಲ್ಲಿ ಮಾತ್ರ ‘ಪಾಸ್‌ವರ್ಡ್ ಅಥೆಂಟಿಕೇಶನ್ ಯೆಸ್’ ಎಂದು ಕಣ್ಣಿಗೆ ಕಾಣುತ್ತಿದ್ದರೆ, ಮೂರನೆಯ ದಾರಿಯನ್ನು ಆರಿಸಿ. ರೂಟ್ (ಯಂತ್ರದ ಸರ್ವಾಧಿಕಾರದ ಖಾತೆ) ಆಗಿ, ಸರ್ವರ್ ತಂತ್ರಾಂಶವಾದ ‘ಎಸ್‌ಎಸ್‌ಎಚ್‌ಡಿ’ಗೆ ದೊಡ್ಡ ಟಿ ಅಕ್ಷರದ ‘ಮೈನಸ್ ಟಿ’ ಕೊಟ್ಟರೆ ಎಲ್ಲ ಕಡತಗಳನ್ನೂ ಸೇರಿಸಿದ ಮೇಲೆ ಉಳಿಯುವ ಅಂತಿಮ ಸೆಟ್ಟಿಂಗ್‌ಗಳನ್ನು ಅದು ಮುದ್ರಿಸುತ್ತದೆ. ‘ಮ್ಯಾಚ್’ ಖಂಡಗಳಿದ್ದರೆ, ಅಂದರೆ ಕೆಲವು ಬಳಕೆದಾರರಿಗೋ ವಿಳಾಸಗಳಿಗೋ ಮಾತ್ರ ಅನ್ವಯಿಸುವ ಭಾಗಗಳಿದ್ದರೆ, ದೊಡ್ಡ ಸಿ ಅಕ್ಷರದ ‘ಮೈನಸ್ ಸಿ’ ಸೇರಿಸಿ ಬಳಕೆದಾರರ ಹೆಸರು ಮತ್ತು ವಿಳಾಸ ಕೊಡಬೇಕು.

ಕಡತವನ್ನು ಕಣ್ಣಿನಿಂದ ಓದುವುದಕ್ಕಿಂತ ಇದು ಮೇಲು, ಕಾರಣ ಈ ಕಾನ್ಫಿಗ್‌ನಲ್ಲಿ ಮೊದಲು ಬಂದ ಮಾತೇ ನಿಲ್ಲುತ್ತದೆ. ಕೊನೆಗೆ ಬರೆದದ್ದು ಗೆಲ್ಲುತ್ತದೆ ಎಂಬ ಬೇರೆ ತಂತ್ರಾಂಶಗಳ ರೂಢಿ ಇಲ್ಲಿ ತಲೆಕೆಳಗು. ಉಬುಂಟುವಿನಂತಹ ವ್ಯವಸ್ಥೆಗಳಲ್ಲಿ ಮುಖ್ಯ ಕಡತದ ಮೇಲ್ಭಾಗದಲ್ಲೇ ‘ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಡಾಟ್ ಡಿ’ ಕೋಶವನ್ನು ಸೇರಿಸಿಕೊಳ್ಳುವ ಸಾಲು ಇರುತ್ತದೆ, ಆ ಕೋಶದಲ್ಲಿ ಕ್ಲೌಡ್ ಇನಿಟ್ (ಕ್ಲೌಡ್ ಯಂತ್ರವನ್ನು ಮೊದಲ ಸಲ ಸಜ್ಜುಗೊಳಿಸುವ ತಂತ್ರಾಂಶ) ಬರೆದ ಸಣ್ಣ ಕಡತವೊಂದು ಪಾಸ್‌ವರ್ಡ್ ಬೇಡವೆಂದು ಹೇಳಿದ್ದರೆ, ಮುಖ್ಯ ಕಡತದ ಕೆಳಗೆ ಎಷ್ಟು ಸಲ ಬೇಕೆಂದು ಬರೆದರೂ ಫಲವಿಲ್ಲ. ರೂಟ್ ಆಗಿ ನೇರ ಲಾಗಿನ್ ಆಗದಿರುವುದಕ್ಕೂ ಉತ್ತರ ಇಲ್ಲೇ ಸಿಗುತ್ತದೆ: 2015ರ 7.0 ಆವೃತ್ತಿಯಿಂದ ರೂಟ್ ಖಾತೆಗೆ ಪಾಸ್‌ವರ್ಡ್ ಪ್ರವೇಶ ಮೊದಲಿನಿಂದಲೇ ಮುಚ್ಚಿರುತ್ತದೆ, ಕೀಲಿಗೆ ಮಾತ್ರ ಅವಕಾಶವಿರುತ್ತದೆ. ಈ ಆಜ್ಞೆಗೆ ಒಂದು ಮಿತಿ ಇದೆ. ಅದು ಓದುವುದು ಡಿಸ್ಕಿನಲ್ಲಿರುವ ಕಡತಗಳನ್ನು. ಬದಲಾವಣೆಯ ನಂತರ ಸೇವೆಯನ್ನು ರಿಲೋಡ್ ಮಾಡಿರದಿದ್ದರೆ ನಡೆಯುತ್ತಿರುವ ಸರ್ವರ್ ಇನ್ನೂ ಹಳೆಯದರ ಮೇಲೆಯೇ ಇರುತ್ತದೆ.

ಡೀಬಗ್ ಸರ್ವರ್

ಲಾಗ್ ಕೈಕೊಟ್ಟಾಗ ಮಾತ್ರ ಇದು. ಪೂರ್ತಿ ಪಥ ಬರೆದು ಎಸ್‌ಎಸ್‌ಎಚ್‌ಡಿಯನ್ನು ಸಣ್ಣ ಡಿ ಅಕ್ಷರದ ‘ಮೈನಸ್ ಡಿ’ ಮತ್ತು 2222ರಂತಹ ಬೇರೆ ಪೋರ್ಟ್ ಸಂಖ್ಯೆಯೊಂದಿಗೆ ಓಡಿಸಿದರೆ, ಅದು ಒಂದು ಸಂಪರ್ಕವನ್ನು ಮಾತ್ರ ಸ್ವೀಕರಿಸಿ, ಯಾವ ಕಡತ ತೆರೆಯಿತು, ಎಷ್ಟನೆಯ ಸಾಲು ನೋಡಿತು ಎಂಬುದನ್ನೆಲ್ಲ ಪರದೆಯ ಮೇಲೆ ಹೇಳಿ ಮುಗಿಯುತ್ತದೆ. ಆ ಪೋರ್ಟಿಗೆ ಫೈರ್‌ವಾಲ್ ದಾರಿ ಬಿಡಬೇಕು. ಎಸ್‌ಇಲಿನಕ್ಸ್ (ಕಡತಗಳ ಲೇಬಲ್ ನೋಡಿ ತಂತ್ರಾಂಶಗಳನ್ನು ನಿರ್ಬಂಧಿಸುವ ಭದ್ರತಾ ವ್ಯವಸ್ಥೆ) ಇರುವ ಯಂತ್ರಗಳಲ್ಲಿ ಎಚ್ಚರ ಬೇಕು: ಶೆಲ್‌ನಿಂದ ಓಡಿಸಿದ ಸರ್ವರ್ ಸೇವೆಯಾಗಿ ಓಡುವ ಸರ್ವರಿನ ನಿರ್ಬಂಧಗಳೊಳಗೆ ಇರದಿರಬಹುದು, ಹಾಗಾಗಿ ಡೀಬಗ್‌ನಲ್ಲಿ ಲಾಗಿನ್ ಆಗಿ ನಿಜವಾದ ಪೋರ್ಟಿನಲ್ಲಿ ಆಗದಿರಬಹುದು. ಆ ವ್ಯತ್ಯಾಸವೇ ಒಂದು ಸುಳಿವು. ಆಗ ‘ರಿಸ್ಟೋರ್‌ಕಾನ್’ ಕಮಾಂಡಿನಿಂದ ಡಾಟ್ ಎಸ್‌ಎಸ್‌ಎಚ್ ಕೋಶದ ಲೇಬಲ್‌ಗಳನ್ನು ಸರಿಪಡಿಸಿ ನೋಡಿ. ಹೋಮ್ ಕೋಶವನ್ನು ಬೇರೆಡೆಗೆ ಸಾಗಿಸಿದ ಯಂತ್ರಗಳಲ್ಲಿ ಇದು ಮತ್ತೆ ಮತ್ತೆ ಸಿಗುವ ಕಾರಣ.

ಕಾರಣ ಸಿಗುವವರೆಗೆ ಒಳಗೆ ಹೋಗುವುದು ಹೇಗೆ?

ಕೆಲಸ ನಿಲ್ಲುವಂತಿಲ್ಲ ಎಂಬ ಒತ್ತಡದಲ್ಲಿ ಎಲ್ಲರಿಗೂ ಪಾಸ್‌ವರ್ಡ್ ಲಾಗಿನ್ ತೆರೆದುಬಿಡುವುದು ಅತಿ ಸುಲಭದ, ಅತಿ ಕೆಟ್ಟ ಆಯ್ಕೆ. ಅಂತರ್ಜಾಲಕ್ಕೆ ತೆರೆದ ಪೋರ್ಟ್ 22ರ ಮೇಲೆ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಹಗಲೂರಾತ್ರಿ ತಟ್ಟುತ್ತಲೇ ಇರುತ್ತವೆ. ಕನ್ಸೋಲ್ ಸಿಕ್ಕರೆ ಅದನ್ನೇ ಬಳಸಿ. ಸಿಗದಿದ್ದರೆ, ಲಾಗಿನ್ ಆಗಬಲ್ಲ ಇನ್ನೊಬ್ಬ ನಿರ್ವಾಹಕರಿಂದ ನಿಮ್ಮ ಎರಡನೆಯ ಕೀಲಿಯನ್ನು ಸೇರಿಸಿಸಿಕೊಳ್ಳಿ. ಪಾಸ್‌ವರ್ಡೇ ಬೇಕೆಂದಾದರೆ ‘ಮ್ಯಾಚ್’ ಖಂಡವೊಂದರಲ್ಲಿ ನಿಮ್ಮ ಹೆಸರು ಮತ್ತು ನಿಮ್ಮ ಜಾಲದ ವಿಳಾಸಕ್ಕಷ್ಟೇ ಸೀಮಿತವಾಗಿ ತೆರೆಯಿರಿ. ಯಾವುದನ್ನು ಆರಿಸಿದರೂ ಸದ್ಯ ತೆರೆದಿರುವ ಸೆಷನ್ನನ್ನು ಮುಚ್ಚಬೇಡಿ, ರಿಲೋಡ್‌ಗೆ ಮೊದಲು ಸಣ್ಣ ಟಿ ಅಕ್ಷರದ ‘ಮೈನಸ್ ಟಿ’ಯಿಂದ ಕಡತದಲ್ಲಿ ಬರವಣಿಗೆಯ ತಪ್ಪಿಲ್ಲವೆಂದು ನೋಡಿಕೊಳ್ಳಿ, ಹೊಸ ಕಿಟಕಿಯಲ್ಲಿ ಲಾಗಿನ್ ಆಗಿ ಖಚಿತವಾದ ಮೇಲೆಯೇ ಹಳೆಯದನ್ನು ಬಿಡಿ.

ಕೆಡುವ ರೀತಿಯ ಮೇಲಿಂದ ವಿಧಾನವನ್ನು ಆರಿಸುವುದು

ಯಾವ ವಿಧಾನ ಹೆಚ್ಚು ಭದ್ರ ಎಂದು ಎಲ್ಲರೂ ಕೇಳುತ್ತಾರೆ. ಅದು ಕೆಟ್ಟಾಗ ಹೇಗೆ ಕೆಡುತ್ತದೆ ಎಂದು ಕೇಳುವವರು ಕಡಿಮೆ. ಪಾಸ್‌ವರ್ಡ್ ಕೆಡುವುದು ಮರೆವಿನಿಂದ, ಅವಧಿ ಮುಗಿದು, ಬೀಗ ಬಿದ್ದು. ಕೀಲಿ ಕೆಡುವುದು ಬಹುಪಾಲು ಅನುಮತಿಗಳಿಂದ, ಮತ್ತು ಒಮ್ಮೆ ಸರಿಯಾದರೆ ವರ್ಷಗಟ್ಟಲೆ ಸುಮ್ಮನೆ ನಡೆಯುತ್ತದೆ. ಹತ್ತಿಪ್ಪತ್ತು ಯಂತ್ರಗಳವರೆಗೆ ಇದಕ್ಕಿಂತ ನೆಮ್ಮದಿಯ ಆಯ್ಕೆ ನನಗೆ ಗೊತ್ತಿಲ್ಲ. ಹೋಮ್ ಕೋಶವನ್ನು ಎನ್‌ಕ್ರಿಪ್ಟ್ ಮಾಡಿದವರು ಮಾತ್ರ ಕೀಲಿಗಳ ಕಡತವನ್ನು ಹೋಮ್‌ನ ಹೊರಗೆ ಇಡಬೇಕು, ಏಕೆಂದರೆ ಲಾಗಿನ್‌ಗೆ ಮೊದಲು ಆ ಕೋಶವನ್ನು ಸರ್ವರಿಗೆ ಓದಲಾಗುವುದಿಲ್ಲ. 2020ರ 8.2 ಆವೃತ್ತಿಯಿಂದ ಬೆಂಬಲವಿರುವ ಹಾರ್ಡ್‌ವೇರ್ ಕೀಲಿ ಇನ್ನೂ ಭದ್ರ, ಆದರೆ ಸಾಧನ ಕಳೆದರೆ ದಾರಿಯೇ ಇಲ್ಲ. ಎರಡು ಸಾಧನಗಳನ್ನು ಮೊದಲೇ ನೋಂದಾಯಿಸಿಡಲು ಸಾಧ್ಯವಿಲ್ಲದವರು ಅದನ್ನು ಒಂದೇ ದಾರಿಯಾಗಿ ಇಟ್ಟುಕೊಳ್ಳಬಾರದು.

ಯಂತ್ರಗಳು ನೂರಾರು ಆದಾಗ 2010ರಿಂದ ಓಪನ್‌ಎಸ್‌ಎಸ್‌ಎಚ್‌ನಲ್ಲಿರುವ ಪ್ರಮಾಣಪತ್ರ ವ್ಯವಸ್ಥೆ ಕೀಲಿಗಳಿಗಿಂತ ಮೇಲು, ಪ್ರತಿ ಯಂತ್ರದಲ್ಲೂ ಪ್ರತಿಯೊಬ್ಬರ ಕೀಲಿ ಇಡುವ ಬದಲು ಸಹಿ ಮಾಡುವ ಒಂದು ಕೀಲಿಯನ್ನು ನಂಬಿದರೆ ಸಾಕಾಗುತ್ತದೆ. ಅದು ಕೆಡುವುದು ಕಾಲದಿಂದ ಮತ್ತು ಹೆಸರಿನಿಂದ: ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ, ಸರ್ವರಿನ ಗಡಿಯಾರ ತಪ್ಪಿರುತ್ತದೆ, ಅಥವಾ ಅದರಲ್ಲಿ ನಮೂದಾದ ‘ಪ್ರಿನ್ಸಿಪಲ್’ ಹೆಸರು ಲಾಗಿನ್ ಹೆಸರಿಗೆ ಹೊಂದುವುದಿಲ್ಲ. ಕೇಂದ್ರ ಸರ್ವರ್ ಕೊಡುವ ಟಿಕೆಟ್‌ಗಳಿಂದ ದೃಢೀಕರಿಸುವ ಕರ್ಬರಾಸ್ ಕೂಡ ಗಡಿಯಾರಕ್ಕೆ ಬಹಳ ಸೂಕ್ಷ್ಮ, ಸಾಮಾನ್ಯ ಮಿತಿ 5 ನಿಮಿಷ. ಹೀಗೆ ಕಾಲವನ್ನು ನಂಬುವ ವಿಧಾನ ಆರಿಸಿದವರು ಲಾಗಿನ್ ನಿರಾಕರಣೆಯಾದ ಕೂಡಲೇ ಮೊದಲು ಎರಡೂ ಯಂತ್ರಗಳಲ್ಲಿ ‘ಡೇಟ್’ ಕಮಾಂಡ್ ಕೊಟ್ಟು ನೋಡಬೇಕು, ಕೀಲಿಯ ಕಡತ ತೆರೆಯುವುದು ಅದರ ನಂತರ.